ಯಾರು ಹಿಡಿಯಲಿಲ್ಲ?

"ಹಿಡೀರಿ" ಅಂತ ಕಾರಿನ ಅಡಿಯಿಂದ ಮೆಕ್ಯಾನಿಕ್ ಮಜೀದಸಾಬ ಕೂಗಿದ.

ಜಗದೇವಪ್ಪ ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ಮುಂದಿನ ಗಾಲಿಗಳು ಒಂದಿಷ್ಟು ಅಲುಗಿದವು.

"ಕೈಲೆ ಅಲ್ರಿ ಮುನ್ಶಿಜಿ, ಕಾಲಿಲೆ. ಎಡಗಡಿ ಪೆಡಲ್. ಕ್ಲಚ್ ಹಿಡೀರಿ."

ಜಗದೇವಪ್ಪ ನಾಚಿಕೊಂಡು ಎಡಗಾಲನ್ನು ಪೆಡಲಿನ ಮೇಲೆ ಇಟ್ಟು ಒತ್ತಿದ. ಸೈಕಲ್ಲಿನ ಹೊರತು ಬೇರೆ ಗಾಡಿಯ ಪೆಡಲನ್ನು ಅವನು ಮುಟ್ಟಿದ್ದು ಅದೇ ಮೊದಲು. ಪೆಡಲು ಒಂದಿಷ್ಟು ಹಗುರವಾಗಿ ಇಳಿದು, ಆಮೇಲೆ ಭಾರವಾಯಿತು.

ಶಹಾಬಾದಿನ ಆ ವರ್ಕ್‌ಶಾಪಿನ ಮೇಲೆ ಬೆಳಗಿನಿಂದ ಕಲ್ಲಿನ ಬಿಳಿ ಪುಡಿ ಬೀಳುತ್ತಲೇ ಇತ್ತು. ಫರಸಿ ಕಲ್ಲು ಕೊರೆಯುವ ಸದ್ದು ದೂರದಲ್ಲೆಲ್ಲೋ ಏಳುತ್ತಿತ್ತು, ನಿಲ್ಲುತ್ತಿತ್ತು. ಬೇವಿನ ಎಲೆ, ತಗಡಿನ ಮಾಡು, ಬಾಗಿಲಲ್ಲಿ ತೂಕಡಿಸುತ್ತಿದ್ದ ಪೊಲೀಸಪ್ಪನ ಟೋಪಿ ಎಲ್ಲವೂ ಒಂದೇ ಬಣ್ಣ. ಕಾರಿನ ಒಳಗೆ ಮಾತ್ರ ಇನ್ನೂ ಹೊಳೆ ಇತ್ತು. ಸೀಟಿನ ಬಟ್ಟೆಯ ಮೇಲೆ ನೀರು ನಿಂತ ಗೆರೆ, ಕಿಟಕಿಯ ಗಾಜಿಗೆ ಹತ್ತಿದ ಹಸಿರು ಪಾಚಿ, ಕಾಲಡಿಯಲ್ಲಿ ನುಣ್ಣಗೆ ಒಣಗಿದ ರೇವೆ ಮಣ್ಣು. ಬಾಗಿಲು ಹಾಕಿಕೊಂಡು ಕುಂತರೆ ತಾನೂ ನೀರಿನ ತಳದಲ್ಲಿ ಕುಂತು, ಮೇಲಿನ ಬೆಳಕು ನೋಡುತ್ತಿರುವಂತೆ ಜಗದೇವಪ್ಪನಿಗೆ ಅನಿಸುತ್ತಿತ್ತು.

ರಾವೂರಿನ ಫರಸಿ ಗಣಿಯ ಸಾವಕಾರ ನಾಗೇಂದ್ರಪ್ಪ ಇದೇ ಕಾರಿನ ಹಿಂದಿನ ಸೀಟಿನಲ್ಲಿ ಕಾಗಿಣಾ ಹೊಳೆಯಲ್ಲಿ ಮುಳುಗಿ ಸತ್ತು ಇಂದಿಗೆ ಹನ್ನೆರಡು ದಿನ. ಬೇಕಂತಲೇ ಗಾಡಿ ಮುಳುಗಿಸಿ ತಾನು ಈಜಿ ಪಾರಾದ ಎಂದು ಡ್ರೈವರ್ ಚಾಂದ್ ಜೇಲಿನಲ್ಲಿದ್ದ.

"ಬಿಡ್ರಿ" ಅಂದ ಮಜೀದಸಾಬ. ಜಗದೇವಪ್ಪ ಕಾಲು ಬಿಟ್ಟ.

ಮಜೀದಸಾಬ ಹೊರಗೆ ತೆವಳಿ ಬಂದು, ಹಿಂದಿನ ಗಾಲಿಗಳಿಗೆ ಹಚ್ಚಿದ್ದ ಫರಸಿ ತುಂಡುಗಳನ್ನು ಕಾಲಿನಿಂದ ಇನ್ನಷ್ಟು ಒತ್ತಿದ. ಹ್ಯಾಂಡ್ ಬ್ರೇಕ್ ಎಳೆದ. ಗೇರನ್ನು ಟಾಪಿಗೆ ಹಾಕಿದ. ಆಮೇಲೆ ಮುಂದೆ ಹೋಗಿ ಕಬ್ಬಿಣದ ಹ್ಯಾಂಡಲನ್ನು ಇಂಜಿನ್ನಿಗೆ ಸಿಕ್ಕಿಸಿ ನಿಂತ. ಅರವತ್ತು ದಾಟಿದ ಮನುಷ್ಯ, ಆದರೆ ಮುಂಗೈ ಬೇವಿನ ಬೇರಿನಂತೆ ಗಂಟುಗಂಟು.

"ಈಗ ನೋಡ್ರಿ. ಗಾಡಿ ಗೇರಿನಾಗ ಅದ. ಗಾಲಿ ಕಟ್ಟೀನಿ. ನೀವು ಕಾಲು ಬಿಟ್ಟೀರಿ. ಅಂದಮ್ಯಾಲ ಈ ಹ್ಯಾಂಡಲ್ ಹೊಳ್ಳಬಾರದು. ನಾನು ಅಲ್ಲ, ನನ್ನಂಥ ನಾಲ್ಕು ಮಂದಿ ಬಂದ್ರೂ ಹೊಳ್ಳಬಾರದು."

ಅವನು ಮೈಭಾರ ಹಾಕಿ ಒತ್ತಿದ. ಹ್ಯಾಂಡಲ್ ಮೊದಲು ನಿಂತಿತು. ಆಮೇಲೆ ಮಲಗಿದವರು ಮಗ್ಗಲು ಬದಲಿಸಿದಂತೆ, ಸದ್ದಿಲ್ಲದೆ, ನಿಧಾನವಾಗಿ ಹೊರಳಿತು. ಅರ್ಧ ಸುತ್ತು. ಇನ್ನರ್ಧ ಸುತ್ತು. ಕಾರು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

ಮಜೀದಸಾಬ ಕೈ ಬಿಟ್ಟು ನೆಟ್ಟಗೆ ನಿಂತ. "ಹಿಡೀಲಿಲ್ಲ" ಅಂದ.

"ಯಾಕ, ನಾ ಹಿಡದಿದ್ನೆಲ್ಲ" ಅಂದ ಜಗದೇವಪ್ಪ. "ಬಿಡು ಅಂದಮ್ಯಾಲ ಬಿಟ್ಟೀನಿ."

"ನಿಮಗ್ಯಾರು ಅಂದ್ರು? ಕ್ಲಚ್ ಹಿಡೀಲಿಲ್ಲ ಅಂದೆ."

ಜಗದೇವಪ್ಪ ಬಾಗಿಲು ತೆರೆದು ತಲೆ ಹೊರಗೆ ಹಾಕಿದ. ಕೊರೆಯುವ ಸದ್ದು ನಿಂತಿತ್ತು. ಬಿಳಿ ಪುಡಿ ಗಾಜಿನ ಮೇಲೆ ಬೀಳುವುದು ಕೇಳಿಸುವಷ್ಟು ನಿಶ್ಶಬ್ದ.

"ಉಸ್ತಾದ್, ಇನ್ನೊಮ್ಮಿ ಅನ್ರಿ."

"ಏನಂತ?"

"ಈಗ ಅಂದ್ರೆಲ್ಲ, ಅದ."

ಮಜೀದಸಾಬ ಅವನನ್ನು ಬಿಸಿಲು ಹತ್ತಿದವನನ್ನು ನೋಡುವಂತೆ ನೋಡಿ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಕ್ಲಚ್ಚಿಗೆ ಇರುವುದು ಎರಡೇ ರೋಗ. ಒಂದು ಬಿಡಲಾರದ ರೋಗ, ಇನ್ನೊಂದು ಹಿಡಿಯಲಾರದ ರೋಗ. ಕಾಲು ಪೆಡಲನ್ನು ಹಿಡಿದಾಗ ಒಳಗಿನ ಪ್ಲೇಟು ಬಿಡಬೇಕು; ಬಿಡದಿದ್ದರೆ ಗೇರು ಕಿರ್ ಅಂತ ಹಲ್ಲು ಕಡಿಯುತ್ತದೆ. ಕಾಲು ಬಿಟ್ಟಾಗ ಪ್ಲೇಟು ಹಿಡಿಯಬೇಕು. ಹಿಡಿಯದಿದ್ದರೆ ಇಂಜಿನ್ ಎಷ್ಟು ಗರ್ಜಿಸಿದರೂ ಗಾಲಿಗೆ ಜೀವ ಬರುವುದಿಲ್ಲ, ಏರಿನಲ್ಲಿ ಗಾಡಿ ಹಿಂದಕ್ಕೇ ಬರುತ್ತದೆ.

"ನಿಮ್ಮ ತಪಾಸಣಿ ಸಾಹೇಬ ಬಂದು ಪೆಡಲ್ ತುಳದ, ಗೇರ್ ಹಾಕ್ದ, ಸುರಳೀತ ಬಿತ್ತು. ಕ್ಲಚ್ ಠೀಕ್ ಅಂತ ಬರಕೊಂಡು ಹೋದ. ಅಂವ ಮೊದಲನೇ ರೋಗಕ್ಕ ನಾಡಿ ಹಿಡದಾನ. ಎರಡನೇದು ನೋಡೇ ಇಲ್ಲ."

"ಮತ್ತ ಬ್ರೇಕು? ಬ್ರೇಕೂ ಠೀಕ್ ಅಂತ ಬರದಾರ."

"ಒಣಗಿದಮ್ಯಾಲ ಠೀಕ. ಹೊಳಿ ದಾಟಿ ಬಂದ ಗಾಡಿ, ಡ್ರಮ್ಮಿನಾಗ ನೀರು ತುಂಬಿರ್ತದ. ನಾಲ್ಕು ಮಾರು ಹೋಗೂತನಕ ಅದೂ ಹಿಡ್ಯಂಗಿಲ್ಲ. ನಮ್ಮ ಕಡಿ ಡ್ರೈವರ್‌ಗೆಲ್ಲ ಇದು ಗೊತ್ತು."

ಹತ್ತು ದಿನದ ಹಿಂದೆ, ಮ್ಯಾಜಿಸ್ಟ್ರೇಟ್ ಸಾಹೇಬರ ಎದುರು, ಚಾಂದ್ ಗೋಡೆ ನೋಡುತ್ತ ಹೇಳಿದ್ದರಲ್ಲಿ ಬರವಣಿಗೆಗೆ ಬಂದದ್ದು ಮೂರೇ ಮಾತು. ಕ್ಲಚ್ ಹಿಡೀಲಿಲ್ಲ ಸಾಹೇಬ್ರ. ಬ್ರೇಕ್ ಹಿಡೀಲಿಲ್ಲ. ಗಾಡಿ ಹಿಂದ ಹೋತು.

ಅದನ್ನು ಕಾಗದಕ್ಕೆ ಇಳಿಸಿದವನು ಕೋರ್ಟಿನ ಕಾರಕೂನ ಜಗದೇವಪ್ಪ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವನು. ರಾಜ್ಯ ಒಂದಾಗಿ ಕಚೇರಿಯ ಕಾಗದವೆಲ್ಲ ಕನ್ನಡಕ್ಕೆ ತಿರುಗಿದಾಗ, ನೌಕರಿ ಉಳಿಸಿಕೊಳ್ಳಲು ಎರಡು ವರ್ಷ ಸಂಜೆಯ ತರಗತಿಗೆ ಹೋಗಿ ಬರೆಯುವ ಕನ್ನಡ ಕಲಿತಿದ್ದ. ಅಲ್ಲಿನ ಮಾಸ್ತರರು ಹೇಳಿಕೊಟ್ಟದ್ದು ಅವನಿಗೆ ಬಾಯಿಪಾಠ: ವಾಕ್ಯಕ್ಕೆ ಕರ್ತೃ ಬೇಕು, ಕರ್ಮಕ್ಕೆ ವಿಭಕ್ತಿ ಬೇಕು, ಇಲ್ಲದಿದ್ದರೆ ಅದು ಹಳ್ಳಿಯ ಮಾತು. ಕಚೇರಿಯಲ್ಲಿ ಯಾರಾದರೂ ನಕ್ಕಾರೆಂಬ ಹೆದರಿಕೆಯಿಂದ ಅವನು ಒಂದು ವಾಕ್ಯವನ್ನೂ ಕುಂಟಲು ಬಿಟ್ಟವನಲ್ಲ.

ಅದಕ್ಕೇ ಅವನು ಬರೆದದ್ದು ಹೀಗಿತ್ತು: ನಾನು ಕ್ಲಚ್ಚನ್ನು ಹಿಡಿಯಲಿಲ್ಲ. ನಾನು ಬ್ರೇಕನ್ನು ಹಿಡಿಯಲಿಲ್ಲ. ಗಾಡಿಯು ಹಿಂದಕ್ಕೆ ಹೋಯಿತು.

ಓದಿ ಹೇಳಿದಾಗ ಚಾಂದ್ ತಲೆಯಾಡಿಸಿದ್ದ. ತನ್ನ ಮಾತೇ ಇರಬೇಕು ಅಂದುಕೊಂಡು ತಲೆಯಾಡಿಸಿದ್ದ. ಗೋಳು ಹೇಳಿಕೊಂಡವನ ಬಾಯಿಗೆ ಜಗದೇವಪ್ಪ ಎರಡು ಸಲ 'ನಾನು' ಎಂದು ತುರುಕಿದ್ದ. ಅದು ತಪ್ಪೊಪ್ಪಿಗೆಯಾಗಿ ಕುಂತಿತ್ತು. ಸೋಮವಾರ ಆ ಕಾಗದ ಗುಲ್ಬರ್ಗಾದ ದೊಡ್ಡ ಕೋರ್ಟಿಗೆ ಹೋಗುವುದು. ಅಲ್ಲಿಗೆ ಹೋದರೆ ಚಾಂದ್‌ನ ಕೊರಳು ಹಗ್ಗಕ್ಕೆ ಹತ್ತಿರವಾದಂತೆಯೇ.

ಇವತ್ತು ಅವನು ಇಲ್ಲಿಗೆ ಬಂದದ್ದಾದರೂ ಆ ಕಾಗದದ ಶುದ್ಧ ಪ್ರತಿ ಮಾಡುವಾಗ, ಕ್ಲಚ್ಚನ್ನು ಹಿಡಿಯುವುದೆಂದರೆ ಏನೆಂದು ತನಗೇ ಗೊತ್ತಿಲ್ಲವಲ್ಲ ಎಂದು ನಿದ್ದೆಗೆಟ್ಟು. ಸಾಹೇಬರಿಂದ ಒಂದು ಚೀಟಿ ಬರೆಸಿಕೊಂಡು ಬಂದಿದ್ದ, ಗಾಡಿ ನೋಡಬಹುದೆಂದು.

"ಉಸ್ತಾದ್, ಪ್ಲೇಟ್ ಯಾಕ ಹಿಡೀಲಿಲ್ಲ?"

"ಸವದಿರಬೇಕು. ಸ್ಪ್ರಿಂಗ್ ಸೋತಿರಬೇಕು. ಇಲ್ಲಾ ಪೆಡಲಿನ ಸರಳು ಬಿಗಿ ಆಗಿ, ಕಾಲಿಡದಿದ್ರೂ ಯಾವಾಗಲೂ ಅರ್ಧ ಒತ್ತಿದಂಗ ಇರಬೇಕು. ಸರಳು ನೋಡ್ದೆ, ಬರೋಬ್ಬರಿ ಅದ. ನೀವ ಒತ್ತಿದ್ರೆಲ್ಲ, ಮೊದಲ ಒಂದಿಂಚು ಹಗುರ ಇತ್ತಿಲ್ಲ?"

"ಇತ್ತು."

"ಹಂಗಿದ್ರ ಒಳಗ ನೋಡಬೇಕು."

ಇಂಜಿನ್ನಿಗೂ ಗೇರಿನ ಪೆಟ್ಟಿಗೆಗೂ ನಡುವೆ, ಅಡಿಯಲ್ಲಿ, ಒಂದು ತಗಡಿನ ಮುಚ್ಚಳ. ನಾಲ್ಕು ಬೋಲ್ಟ್ ಬಿಚ್ಚಿದ ಮೇಲೆ ಮಜೀದಸಾಬ ಬೆರಳು ತೂರಿಸಿ, ಏನನ್ನೋ ಸವರಿಕೊಂಡು ಹೊರಗೆ ತೆಗೆದ. ಬೆರಳ ತುದಿಯಲ್ಲಿ ಕಂದು ಬಣ್ಣದ ಅಂಟು. ಬಾಣಲೆಯ ಅಂಚಿಗೆ ವರ್ಷಗಟ್ಟಲೆ ಹತ್ತಿ ಒಣಗಿದ ಜಿಡ್ಡಿನ ಹಾಗೆ ಎಳೆಎಳೆಯಾಗಿ ಬರುತ್ತಿತ್ತು. ಅದನ್ನು ಒಂದು ತಗಡಿನ ಚೂರಿಗೆ ಸವರಿ, ಅಡಿಯಲ್ಲಿ ಬೆಂಕಿಕಡ್ಡಿ ಗೀರಿ ಹಿಡಿದ.

"ಮೂಸಿ ನೋಡ್ರಿ."

ಜಗದೇವಪ್ಪ ಮೂಸಿದ. ಕಣ್ಣು ತಾವಾಗಿಯೇ ಮುಚ್ಚಿದವು. ಸುಟ್ಟ ರಬ್ಬರಿನ ಕಮಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಸಂಜೆಯ ಸಂತೆ, ಕಾದ ಬಾಣಲೆ, ಕಾಗದದ ಪೊಟ್ಟಣದ ಬಿಸಿ. ಅವನಿಗೆ ಹಸಿವಾಯಿತು.

"ಇಂಜಿನ್ ಎಣ್ಣಿ ಸುಟ್ರ ಹಿಂಗ ಬಾಯಾಗ ನೀರು ಬರಂಗಿಲ್ಲ" ಅಂದ ಮಜೀದಸಾಬ. "ಇದು ಕುಸುಬಿ ಎಣ್ಣಿ. ಅಡಿಗಿಮನಿದು. ಗೇರಿನ ಕೋಲಿನ ಬಗಲಾಗ, ಚಾಪಿ ಎತ್ತಿದ್ರ ರಬ್ಬರ್ ಬಿರಡಿ ಅದ ನೋಡ್ರಿ, ಅದನ್ನ ತೆಗದು ಯಾರೋ ಸುರದಾರ. ಗಾಡಿ ಬಲ್ಲವರ ಕೆಲಸ."

ಚಾಂದ್ ಆ ದಿನ ನಾಲ್ಕನೆಯದೊಂದು ಮಾತನ್ನೂ ಹೇಳಿದ್ದ. ಏರಿನ ಮೇಲೆ ಭಜಿ ಕರದಂಗ ವಾಸನಿ ಬಂತು ಅಂದಿದ್ದ. ಅದನ್ನು ಬರೆಯಬೇಕೇ ಎಂದು ಜಗದೇವಪ್ಪ ತಲೆ ಎತ್ತಿ ನೋಡಿದಾಗ ಸಾಹೇಬರು ನಕ್ಕಿದ್ದರು. ದಂಡೋತಿಯ ಈ ದಡದಲ್ಲಿ, ಹೊಳೆ ದಾಟುವ ಮಂದಿಗೆ ಭಜಿ ಕರಿದು ಮಾರುವವಳು ಚಾಂದ್‌ನ ತಾಯಿ ಜಾನಬಿಯೇ. ಹೊಳೆಗೆ ಇಳಿಯುವ ಮೊದಲು ಸಾವಕಾರರು ಅಲ್ಲೇ ಅರ್ಧ ತಾಸು ಗಾಡಿ ನಿಲ್ಲಿಸಿ, ಒಂದು ತಟ್ಟೆ ಭಜಿ ತಿಂದದ್ದಕ್ಕೆ ಸಾಕ್ಷಿಗಳಿದ್ದರು. ಭಜಿಯ ವಾಸನೆ ಬರದೆ ಇನ್ನೇನು ಬರಬೇಕು ಅಂದಿದ್ದರು ಸಾಹೇಬರು. ಜಗದೇವಪ್ಪ ಆ ಮಾತು ಬಿಟ್ಟಿದ್ದ.

ಆದರೆ ಕಾರು ಹಿಂದಕ್ಕೆ ಜಾರಿ ಮಡುವಿಗೆ ಬಿದ್ದದ್ದು ಹೊಳೆ ದಾಟಿದ ಮೇಲೆ, ಆಚೆ ದಡದ ಏರಿನಿಂದ. ನಡುವೆ ಇಡೀ ಹೊಳೆ.

"ಈಗ ಈ ಎಣ್ಣಿ ಹಾಕಿ ಎಷ್ಟು ಹೊತ್ತಾಗಿರಬೇಕು?"

ಮಜೀದಸಾಬ ಬೆರಳನ್ನು ಚಿಂದಿಗೆ ಒರೆಸುತ್ತಲೇ ಇದ್ದ, ಒರೆಸುವುದು ಮುಗಿದ ಮೇಲೂ. "ಭಾಳ ದೂರ ಓಡಿಲ್ಲ. ರಾವೂರಿನಾಗ ಹಾಕಿದ್ರ ದಾರಿಯೊಳಗ ಸುಟ್ಟು ಹೋಗಿ, ಮೊದಲನೇ ದಿಬ್ಬಕ್ಕ ಜಾರ್ತಿತ್ತು. ಹೆಚ್ಚಂದ್ರ ಒಂದು ಮೈಲು." ಇಷ್ಟು ಹೇಳಿ ಅವನು ಮುಖ ಆ ಕಡೆ ತಿರುಗಿಸಿದ.

ಜಗದೇವಪ್ಪ ಆ ಮೈಲನ್ನು ಅಳೆಯಲಿಲ್ಲ. ಅವನ ತಲೆಯ ತುಂಬ ಒಂದೇ ಮಾತು. ಚಾಂದ್ ತಾನು ಹಿಡಿಯಲಿಲ್ಲ ಅಂದಿಲ್ಲ, ಅದು ಹಿಡಿಯಲಿಲ್ಲ ಅಂದಾನೆ.

ಆಗಲೇ ಒಂದು ಜೀಪು ಬಂದು ನಿಂತಿತು. ಇಳಿದವನು ಅಂಬಾರಾಯ, ಸತ್ತ ಸಾವಕಾರರ ಹೆಂಡತಿ ರತ್ನಾಬಾಯಿಯ ತಮ್ಮ. ಸೇಡಂ ರಸ್ತೆಯಲ್ಲಿ ಎಣ್ಣೆಯ ಗಾಣ ಇಟ್ಟವನು, ಈಗ ಗಣಿಯ ಕೆಲಸವನ್ನೂ ನೋಡುತ್ತಿದ್ದವನು. ಬಿಳಿ ಅಂಗಿ, ಅದರ ಮೇಲೆ ಒಂದು ಕಲೆ ಇಲ್ಲ.

"ಏನ್ರಿ ಜಗದೇವಪ್ಪನವರ, ಕಾರಕೂನಕಿ ಬಿಟ್ಟು ಮಿಸ್ತ್ರಿಕಿ ಕಲೀಲಿಕತ್ತೀರೇನು?"

ಜಗದೇವಪ್ಪ ಸಾಹೇಬರ ಚೀಟಿ ತೋರಿಸಿದ. ಅಂಬಾರಾಯ ಅದನ್ನು ಓದಲಿಲ್ಲ. ಅಕ್ಕನಿಗೆ ಈ ಗಾಡಿ ಕಣ್ಣಿಗೆ ಕಂಡರೆ ಎದೆ ಒಡೆದಂತಾಗುತ್ತದೆಂದೂ, ಸೋಮವಾರ ಕೋರ್ಟಿನ ಕೆಲಸ ಮುಗಿದ ಕೂಡಲೇ ಇದನ್ನು ಒಡೆದು ಮಾರಿಬಿಡುವುದೆಂದೂ ಮೆಲ್ಲಗೆ ಹೇಳಿದ. ಹೇಳುತ್ತಿರುವಾಗ ಅವನ ಕಣ್ಣು ತೆರೆದ ಬಾಗಿಲ ಒಳಗೆ ಹೋಗಿ, ಗೇರಿನ ಕೋಲಿನ ಬುಡದಲ್ಲಿ ಮಡಚಿದ್ದ ಚಾಪೆಯ ಮೇಲೆ ಒಂದು ಗಳಿಗೆ ಕುಂತು, ಮತ್ತೆ ಹೊರಗೆ ಬಂತು. ಡ್ರೈವರ್ ಮಂದಿಯನ್ನು ನಂಬಿದರೆ ಹೀಗೇ, ಅಂದ. ಭಾವ ಆ ಚಾಂದ್‌ನನ್ನು ತಮ್ಮನ ಹಾಗೆ ನೋಡಿಕೊಂಡಿದ್ದರು, ಅಂದ.

ಜೀಪು ಹೊರಟಾಗ ಮಜೀದಸಾಬ ಅದರ ಬೆನ್ನು ನೋಡುತ್ತ ನಿಂತ. ದಿಬ್ಬದ ಮೇಲೆ ಜೀಪು ಒಂದಿಷ್ಟೂ ಜಗ್ಗದೆ, ನೀರಿನ ಮೇಲೆ ದೋಣಿ ಸರಿದಂತೆ ಮುಂದೆ ಸರಿಯಿತು.

"ಎಂಥ ಕಾಲು ನೋಡ್ರಿ" ಅಂದ. "ಮೂವತ್ತು ವರ್ಷ ಗಾಡಿ ನಡಸಿದವರಿಗೂ ಕ್ಲಚ್ ಹಿಂಗ ಬಿಡ್ಲಿಕ್ಕೆ ಬರಂಗಿಲ್ಲ."

*

ವಾಡಿಯಲ್ಲಿ ರೈಲು ಬದಲಿಸಿ ಚಿತ್ತಾಪುರ ಮುಟ್ಟುವ ತನಕ ಜಗದೇವಪ್ಪ ಕಿಟಕಿಯ ಪಕ್ಕ ಕುಂತು ಒಂದೇ ಕಾಗದವನ್ನು ನಾಲ್ಕು ಸಲ ಬರೆದ. ಹೊರಗೆ ತೊಗರಿಯ ಹೊಲಗಳು ಹಳದಿ ಹೂವಿನಲ್ಲಿ ತೇಲುತ್ತಿದ್ದವು. ಬಿಸಿಲಲ್ಲಿ ದೂರದ ಗುಡ್ಡ ಕರಗಿ ಮತ್ತೆ ಗಟ್ಟಿಯಾಗುತ್ತಿತ್ತು. ಹೇಳಿಕೆಯಲ್ಲಿ 'ನಾನು' ಎಂಬ ಪದ ಆರೋಪಿಯದಲ್ಲ, ನನ್ನದು, ಎಂದು ಬರೆದ. ಓದಿದ. ಇಲ್ಲೂ 'ನನ್ನದು' ಎಂದರೆ ಆರೋಪಿಯದು ಎಂದು ಯಾರಾದರೂ ತಿಳಿದಾರು ಎಂದು ಹೆದರಿ, ಹೊಡೆದು ಹಾಕಿ, 'ಕಾರಕೂನ ಜಗದೇವಪ್ಪನದು' ಎಂದು ತಿದ್ದಿದ. ಹತ್ತು ದಿನದಲ್ಲಿ ಮೊದಲ ಸಲ ಉಸಿರು ಹಗುರವಾಗಿತ್ತು.

ಮ್ಯಾಜಿಸ್ಟ್ರೇಟ್ ಸಾಹೇಬರು ಮನೆಯ ಪಡಸಾಲೆಯಲ್ಲಿ ಕಾಗದ ಓದಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಕನ್ನಡಕ ತೆಗೆದು, ಮೂರು ಗಂಟೆಯಾಗಿದೆ, ಜೇಲಿಗೆ ಹೋಗಿ ಅವನನ್ನೇ ಕೇಳಿ ಬಾ, ಐದಕ್ಕೆ ನನಗೆ ಉತ್ತರ ಬೇಕು, ಅಂದರು. ಅದು ಹಿಡಿಯಲಿಲ್ಲ ಅಂದದ್ದು ಹೌದೆಂದು ಅವನು ಹೇಳಿದರೆ ತಾವೇ ಹೋಗಿ ಹೊಸದಾಗಿ ಹೇಳಿಕೆ ಬರೆದುಕೊಳ್ಳುವುದಾಗಿಯೂ, ಹಾಗೆ ಹೇಳದಿದ್ದರೆ ಕೋರ್ಟಿನ ದಾಖಲೆಯ ಮೇಲೆ ಸುಳ್ಳು ಸಂಶಯ ತಂದವನನ್ನು ನೌಕರಿಯಲ್ಲಿ ಇಡಲಾಗದೆಂದೂ ಹೇಳಿದರು. ಜಗದೇವಪ್ಪನಿಗೆ ಈ ಎರಡನೆಯ ಮಾತು ಕೇಳಿಸಿದರೂ ಕಿವಿಯ ಒಳಗೆ ಇಳಿಯಲಿಲ್ಲ. ಯಾಕೆ ಹೇಳುವುದಿಲ್ಲ? ಅವನ ಮಾತೇ ಅಲ್ಲವೇ?

ಜೇಲಿನ ಅಂಗಳದಲ್ಲಿ ಬೇವಿನ ನೆರಳು ಉದ್ದವಾಗಿತ್ತು. ಚಾಂದ್ ಸರಳಿನ ಆ ಕಡೆ ಕುಕ್ಕರಗಾಲಲ್ಲಿ ಕುಂತ. ಇಪ್ಪತ್ತೇಳರ ಹುಡುಗ, ಗಡ್ಡ ಬೆಳೆದು ನಲವತ್ತರವನಂತೆ ಕಾಣುತ್ತಿದ್ದ.

"ಕುಂದ್ರಿ ಸಾಹೇಬ್ರ" ಅಂದ, ತನ್ನ ಮನೆಗೆ ಬಂದವರಿಗೆ ಅನ್ನುವ ಹಾಗೆ.

ಜಗದೇವಪ್ಪ ನೆಲದ ಮೇಲೇ ಕುಂತು, ತೊದಲುತ್ತ ಎಲ್ಲ ಹೇಳಿದ. ಹೇಗೆ ತಾನು ತಪ್ಪು ಬರೆದೆ, ಹೇಗೆ ಹ್ಯಾಂಡಲ್ ಹೊರಳಿತು, ಡ್ರಮ್ಮಿನ ನೀರು, ಪ್ಲೇಟು. ಚಾಂದ್‌ನ ಕಣ್ಣಲ್ಲಿ ಮೆಲ್ಲಗೆ ಬೆಳಕು ಬಂತು. ಮಜೀದ ಉಸ್ತಾದ್ ನೋಡಿದ್ರೇನು, ಅಂವ ಅಂದಮ್ಯಾಲ ಮುಗೀತು, ಅಂದ. ನಗಲು ಹೋದ, ತುಟಿಗೆ ರೂಢಿ ತಪ್ಪಿತ್ತು.

"ನೀ ಇಷ್ಟ ಹೇಳು ಚಾಂದ್. ಅದು ಹಿಡೀಲಿಲ್ಲ ಅಂತ. ಸೋಮವಾರಕ್ಕ ನೀ ಹೊರಗ."

"ಹೇಳ್ತೀನ್ರಿ. ಅದ ಖರೆ ಅದ. ಆದ್ರ ಪ್ಲೇಟ್ ಹೊಸಾದಿತ್ತು. ದಸರಾಕ್ಕ ನಾನೇ ಹಾಕಿಸೀನಿ. ಯಾಕ ಜಾರ್ತು?"

"ಯಾರೋ ಎಣ್ಣಿ ಸುರದಾರ."

ಚಾಂದ್ ಸರಳು ಹಿಡಿದು ಮುಂದೆ ಬಾಗಿದ. "ಯಾವ ಎಣ್ಣಿ?"

"ಕುಸುಬಿ ಎಣ್ಣಿ. ನೀ ಅಂದಿದ್ದಿಲ್ಲ, ಭಜಿ ವಾಸನಿ ಅಂತ. ನಾ ಅದನ್ನ ಬರೀಲಿಲ್ಲ. ಅದೂ ನನ್ನ ತಪ್ಪು."

"ಎಷ್ಟು ದೂರದಾಗ ಹಾಕ್ಯಾರಂತ?"

"ಒಂದು ಮೈಲು. ಹೆಚ್ಚಂದ್ರ."

ಅಂದ ಮೇಲೆ ಜಗದೇವಪ್ಪನಿಗೆ ತನ್ನ ಮಾತು ತನಗೇ ಕೇಳಿಸಿತು. ಹೊಳೆಗೆ ಒಂದು ಮೈಲಿನ ಒಳಗೆ ಗಾಡಿ ನಿಂತದ್ದು ಒಂದೇ ಕಡೆ. ಅಲ್ಲಿ ಬಾಣಲೆ ಇತ್ತು. ಬಾಣಲೆಯ ಮುಂದೆ ಒಬ್ಬ ಮುದುಕಿ ಇದ್ದಳು. ಮಜೀದಸಾಬ ಯಾಕೆ ಮುಖ ತಿರುಗಿಸಿದ ಎಂಬುದು ಈಗ ಅವನಿಗೆ ಹೊಳೆಯಿತು.

ಚಾಂದ್ ಸರಳಿನಿಂದ ಕೈ ತೆಗೆದ. ಬಂದಿದ್ದ ಬೆಳಕು ಕಣ್ಣಿನಿಂದ ಹೋದದ್ದು ಜಗದೇವಪ್ಪನಿಗೆ ಎದುರಿಗೇ ಕಂಡಿತು.

"ಸಾಹೇಬ್ರ, ನೀವು ಬರದದ್ದು ಬರೋಬ್ಬರಿ ಅದ."

"ಚಾಂದ್."

"ನಾನ ಹಿಡೀಲಿಲ್ಲ. ಕ್ಲಚ್ಚೂ ನಾನ ಹಿಡೀಲಿಲ್ಲ, ಬ್ರೇಕೂ ನಾನ ಹಿಡೀಲಿಲ್ಲ. ಹಂಗ ಇರ್ಲಿ."

"ಹುಚ್ಚಾ, ಫಾಶಿ ಆಗ್ತದ ನಿನಗ. ಅಡಿಗಿ ಎಣ್ಣಿ ಯಾರ ಮನ್ಯಾಗಿಲ್ಲ? ನಿಮ್ಮವ್ವಗ ಗಾಡಿ ಬಿರಡಿ ಗೊತ್ತದೇನು? ಗಾಡಿ ಬಲ್ಲವರು ಬ್ಯಾರೆ ಇದ್ದಾರ."

"ಗೊತ್ತಿಲ್ರಿ ಆಕಿಗಿ. ಎತ್ತಿನಗಾಡಿ ಏರ್ಲಿಕ್ಕೂ ಹೆದರ್ತಾಳ." ಚಾಂದ್ ಸರಳಿಗೆ ಮುಖ ಹತ್ತಿರ ತಂದು, ಉಸಿರಿನಲ್ಲಿ ಹೇಳಿದ. "ನನಗೊಂದು ಉಪಕಾರ ಮಾಡ್ರಿ. ಇವತ್ತ ದಂಡೋತಿಗೆ ಹೋಗಿ ನಮ್ಮವ್ವಗ ಹೇಳ್ರಿ, ಚಿಮ್ಮನಚೋಡಕ್ಕ ಮಾವನ ಮನಿಗಿ ಹೋಗಂತ. ನಾಳಿ ಬ್ಯಾಡ, ಇವತ್ತ. ಮತ್ತ ಆ ದಿನ ಎಣ್ಣಿ ಡಬ್ಬಿ ಇಸಕೊಂಡು ಹೋದವರ ಹೆಸರು ಯಾರ ಮುಂದೂ ಆಡಬ್ಯಾಡ ಅಂತ್ರಿ. ಯಾರು ಕೇಳಿದ್ರೂ. ಆಡಿದ್ರ ಅವರು ಆಕೀನ ಉಳಸಂಗಿಲ್ಲ. ನೀವು ಕೇಳಿದ್ರೂ ಹೇಳಬ್ಯಾಡ ಅಂತ್ರಿ."

"ಯಾರು ಒಯ್ದರು?"

ಚಾಂದ್ ಎದ್ದು, ಕತ್ತಲಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಂತ.

ಜಗದೇವಪ್ಪ ಹೊರಗೆ ಬಂದ. ಕಾವಲಿನವನು ಗಡಿಯಾರ ನೋಡಿ, ನಾಲ್ಕು ಮುಕ್ಕಾಲು ಅಂದ. ಐದಕ್ಕೆ ಸಾಹೇಬರ ಪಡಸಾಲೆಯಲ್ಲಿ ಉತ್ತರ ಹೇಳಬೇಕು. ಡಬ್ಬಿಯ ಮಾತು ಹೇಳಿದರೆ ಕತ್ತಲಾಗುವ ಮೊದಲು ಪೊಲೀಸರು ಜಾನಬಿಯ ಬಾಗಿಲಲ್ಲಿರುತ್ತಾರೆ. ಹೇಳದಿದ್ದರೆ ಸೋಮವಾರ ಕಾಗದ ಗುಲ್ಬರ್ಗಾಕ್ಕೆ ಹೋಗುತ್ತದೆ.

ಬೀದಿಯ ಕೊನೆಯಲ್ಲಿ ದಂಡೋತಿಯ ಕಡೆಗೆ ಹೋಗುವ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಅದು ಹೊರಡುವುದೂ ಐದಕ್ಕೇ. ಅದರ ಮುಂದೆ ಒಂದು ಜೀಪು ನಿಂತಿತ್ತು. ಅಂಬಾರಾಯ ಅದನ್ನೇರಿ ಕುಂತ. ಜೀಪು ಒಂದಿಷ್ಟೂ ಜಗ್ಗದೆ, ಸದ್ದಿಲ್ಲದೆ ಸರಿದು, ದಂಡೋತಿಯ ದಾರಿ ಹಿಡಿಯಿತು.